ಉಣ್ಣೆಯ ಕರು

ಹುಣಸೆಬೀಜ ಕುದಿಯುವ ವಾಸನೆ ನನಗೆ ಸಾಕಾಗಿ ಎಷ್ಟೋ ಕಾಲವಾಯಿತು. ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಹಾಕಿ, ರುಬ್ಬಿ, ದೊಡ್ಡ ಪಾತ್ರೆಯಲ್ಲಿ ಕುದಿಸಬೇಕು. ಕುದಿಯುವಷ್ಟು ಹೊತ್ತೂ ತಿರುವುತ್ತಲೇ ಇರಬೇಕು. ಬಾಗಿಲಲ್ಲಿ ಯಾರೋ ಕರೆದರೆಂದು ಅತ್ತ ತಿರುಗಿದಿರೋ, ತಳ ಹಿಡಿಯಿತೆಂದೇ ಲೆಕ್ಕ. ನಮ್ಮ ಚಳ್ಳಕೆರೆಯ ಕಂಬಳಿ ನೇಯುವ ಮನೆಗಳಲ್ಲಿ ಈ ಅಂಟನ್ನು ಕಂಬಳಿಗೆ ಬಳಿಯುತ್ತಾರೆ, ಬಿರುಸಾಗಿ ನಿಲ್ಲಲಿ ಎಂದು. ನಾನು ಅದೇ ಅಂಟಿನಲ್ಲಿ ಪ್ರಾಣಿಗಳ ಮುಖವಾಡ ಮಾಡುತ್ತೇನೆ. ಮಗ್ಗದ ಕೆಳಗೆ ಬಿದ್ದ ಉಣ್ಣೆಯ ಚೂರು, ಕೆರೆಯ ಜೇಡಿಮಣ್ಣು, ಮೆಕ್ಕೆಜೋಳದ ಸಿಪ್ಪೆ, ಕತ್ತಾಳೆ ನಾರು, ಒಣಗಿದ ಸೋರೆ ಬುರುಡೆ, ಹೀಗೆ ಊರು ಬೇಡವೆಂದು ಎಸೆದದ್ದೆಲ್ಲ ನನ್ನ ಅಂಗಳಕ್ಕೆ ಬಂದು ಬೀಳುತ್ತದೆ. ಅಂಗಳ ಗುಡಿಸುವವಳೂ ನಾನೇ.

ಕೆಲಸ ಕಷ್ಟದ್ದೇನಲ್ಲ, ಬೇಸರದ್ದು. ಜೇಡಿಮಣ್ಣಿನಲ್ಲಿ ಅಚ್ಚು ಮಾಡಿ ಒಣಗಿಸಿ, ಅದರ ಮೇಲೆ ಬೂದಿ ಉದುರಿಸಿ, ಅಂಟಿನಲ್ಲಿ ಅದ್ದಿದ ಉಣ್ಣೆಯನ್ನು ಪದರ ಪದರವಾಗಿ ಹಾಸುತ್ತ ಹೋಗಬೇಕು. ಒಂದು ಪದರ ಒಣಗದೆ ಮತ್ತೊಂದು ಹಾಕಿದರೆ ಒಳಗೆ ಬೂಸಲು ಹಿಡಿಯುತ್ತದೆ. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ, ನೆರಳಲ್ಲಿಟ್ಟರೆ ಒಣಗುವುದೇ ಇಲ್ಲ. ಕಣ್ಣಿಗೆ ಅಂಟುವಾಳದ ಬೀಜ, ಮೀಸೆಗೆ ಕತ್ತಾಳೆ ನಾರು, ಕಿವಿಗೆ ಜೋಳದ ಸಿಪ್ಪೆಯ ಮೇಲೆ ಉಣ್ಣೆ. ಅಂಟಿಗೆ ಬೇವಿನೆಲೆಯ ರಸ ಹಿಂಡುವುದನ್ನು ಮಾತ್ರ ಮರೆಯಬಾರದು. ಮರೆತರೆ ಹುಳ ತಿನ್ನುತ್ತದೆ, ಹುಳಕ್ಕಿಂತ ಮೊದಲು ಮೇಕೆ ತಿನ್ನುತ್ತದೆ. ಒಮ್ಮೆ ಪಕ್ಕದ ಮನೆಯ ಮೇಕೆ ನಾನು ಒಣಗಲು ಇಟ್ಟಿದ್ದ ಹುಲಿಯನ್ನು ಮೂಗಿನವರೆಗೆ ತಿಂದು, ಏನೂ ಆಗಿಲ್ಲವೆಂಬಂತೆ ಮೆಲುಕು ಹಾಕುತ್ತ ನಿಂತಿತ್ತು. ಮೇಕೆ ಹುಲಿ ತಿಂದ ಕಥೆ ನಮ್ಮ ಬೀದಿಯಲ್ಲಿ ಇನ್ನೂ ಹಳೆಯದಾಗಿಲ್ಲ.

ಕೊಳ್ಳುವವರು ಯಾರು ಅಂತ ಕೇಳಬೇಡಿ. ಶಾಲೆಗಳ ವಾರ್ಷಿಕೋತ್ಸವ ಬಂದಾಗ ಮೇಷ್ಟರುಗಳು ಬರುತ್ತಾರೆ. ಎಲ್ಲರಿಗೂ ಸಿಂಹವೇ ಬೇಕು. ಈ ಸೀಮೆಯಲ್ಲಿ ಕುರಿ ಇದೆ, ಕರಡಿ ಇದೆ, ತೋಳ ಇದೆ. ಸಿಂಹ ಯಾವ ಕಾಲಕ್ಕೆ ಇತ್ತೋ ನಾನಂತೂ ಕಾಣೆ. ಕುರಿಯ ಮುಖ ಮಾಡಿಕೊಡುತ್ತೇನೆ ಅಂದರೆ, ಕುರಿಯನ್ನು ನೋಡಲು ಯಾರು ಬರುತ್ತಾರಮ್ಮ ಎಂದು ನಗುತ್ತಾರೆ. ಬಳ್ಳಾರಿ ರಸ್ತೆಯ ಮೇಲೆ ಕಾಫಿ ಅಂಗಡಿ ಇಟ್ಟಿರುವವರೊಬ್ಬರು ಕೆಲವನ್ನು ಗೋಡೆಗೆ ನೇತುಹಾಕಿದ್ದಾರೆ. ಕಾರಿನಲ್ಲಿ ಬಂದವರು ಅವುಗಳ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಪ್ಲಾಸ್ಟಿಕ್ಕಿನದು ಕೊಂಡು ಹೋಗುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಾನೇ ಅವನ್ನು ಆಗಾಗ ಹೋಗಿ ಒರೆಸಿ ಬರುತ್ತೇನೆ. ಐವತ್ತು ದಾಟಿದ ಮೇಲೆ ಮಂಡಿ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ಕುಕ್ಕರಗಾಲಲ್ಲಿ ಕೂತರೆ ಏಳುವಾಗ ಗೋಡೆ ಹಿಡಿಯಬೇಕು. ಅಂಟು ತಾಗಿ ತಾಗಿ ಬೆರಳ ಸಂದಿಯೆಲ್ಲ ಸೀಳಿ, ಸಾರಿಗೆ ಖಾರ ಹಾಕುವಾಗ ಉರಿಯುತ್ತದೆ. ಹೀಗೆ ಒಂದು ದಿನ ಸಿಂಹದ ಜೂಲಿಗೆ ನಾರು ಬಿಡಿಸುತ್ತ, ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಕೂತಿದ್ದಾಗ ನನ್ನ ತಮ್ಮ ಬಂದ.

ತಮ್ಮ ಇರುವುದು ಮೊಳಕಾಲ್ಮೂರಿನ ಆಚೆ, ಸಿದ್ದಾಪುರದ ಹತ್ತಿರ, ನಾವು ಹುಟ್ಟಿದ ಮನೆಯಲ್ಲಿ. ಕುರಿ ಮೇಯಿಸುತ್ತಾನೆ. ಕರೆಯದೆ ಬರುವವನಲ್ಲ. ಬಂದವನು ನೀರು ಕುಡಿದು, ಸಿಂಹವನ್ನು ನೋಡಿ, ಗೋಡೆ ನೋಡಿ, ಕೊನೆಗೆ ಬಾಯಿಬಿಟ್ಟ.

"ಅಕ್ಕ, ನಂಗೊಂದು ಕರ ಮಾಡ್ಕೊಡ್ತೀಯಾ?"

"ಯಾವ ನಾಟಕ ಆಡ್ತೀಯೋ ನೀನು?" ಅಂದೆ.

"ನಾಟಕ ಅಲ್ಲ ಕಣಕ್ಕ. ಹಸ ಸೊರೆ ಬಿಡವಲ್ದು. ಕರ ಸತ್ತೋತು."

ಕರುವಿನ ಬಾಯಿ ಸೋಕದೆ ಹಾಲನ್ನು ಕೆಚ್ಚಲಿಗೆ ಇಳಿಸದ ಹಸುಗಳಿವೆ. ನಮ್ಮ ಕಡೆಯ ನಾಟಿ ಹಸುಗಳಿಗಂತೂ ಆ ಹಟ ಜಾಸ್ತಿ. ಕರು ಬಂದು ಮೂತಿಯಿಂದ ಗುದ್ದಿ ಒಂದೆರಡು ಗುಟುಕು ಕುಡಿದ ಮೇಲೆ ಹಾಲು ಇಳಿಯುತ್ತದೆ. ಅದನ್ನೇ ಸೊರೆ ಬಿಡುವುದು ಅನ್ನುತ್ತೇವೆ. ತಮ್ಮನ ಹಸು ಈದ ಕರು ಹುಟ್ಟುವಾಗಲೇ ಸೊರಗಿತ್ತಂತೆ. ಚಳಿಯಲ್ಲಿ ನಾಲ್ಕಾರು ದಿನ ಉಸಿರು ಹಿಡಿದುಕೊಂಡಿದ್ದು ಹೋಗಿಬಿಟ್ಟಿತು. ಅಂದಿನಿಂದ ಹಸು ಯಾರನ್ನೂ ಕೆಚ್ಚಲಿಗೆ ಸೇರಿಸುತ್ತಿಲ್ಲ. ಹೀಗೇ ಬಿಟ್ಟರೆ ಹಾಲು ಬತ್ತುತ್ತದೆ. ಬತ್ತಿದ ಹಸುವನ್ನು ಕಟ್ಟಿಕೊಂಡು ಮೇವು ಹಾಕಲಾರೆ, ಮುಂದಿನ ಸಂತೆಗೆ ಹೊಡೆಯುತ್ತೇನೆ ಎಂದು ತಮ್ಮ ದಲ್ಲಾಳಿಗೆ ಹೇಳಿಯೂ ಆಗಿತ್ತು. ಸಂತೆಯಿಂದ ಅಂಥ ಹಸು ಎಲ್ಲಿಗೆ ಹೋಗುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

"ಸೂಜಿ ಚುಚ್ಚಿದ್ರೆ ಹಾಲು ಇಳೀತೈತೆ ಅಂತಾರಲ್ಲೋ?"

"ನನ್ ಹೆಂಡ್ತಿ ಬಿಡಲ್ಲ. ಸೂಜಿ ತಂದೋನ ಕೈ ಮುರೀತೀನಿ ಅಂದ್ಲು. ಮಾರ್ತೀನಿ ಅಂದ್ರೆ ಮಾತೇ ಆಡಲ್ಲ. ಆ ಹಸ ಅವ್ಳದು, ನಂದಲ್ಲ."

ಅದು ನಿಜ. ತಮ್ಮನ ಹೆಂಡತಿ ರಾಯದುರ್ಗದ ಕಡೆಯವಳು. ಮದುವೆಯಾಗಿ ಬರುವಾಗ ತವರಿನಿಂದ ಒಂದು ಹೆಣ್ಣುಗರುವನ್ನು ಹಗ್ಗ ಹಿಡಿದು ನಡೆಸಿಕೊಂಡು ಬಂದಿದ್ದಳು. ಈ ಹಸು ಅದರ ಮೊಮ್ಮಗಳು. ಮನೆ, ಹೊಲ, ಕುರಿ ಎಲ್ಲ ನಮ್ಮ ಕಡೆಯವು. ಆ ಮನೆಯಲ್ಲಿ ಅವಳದು ಅನ್ನುವುದು ಆ ಹಸುವೊಂದೇ. ಮಕ್ಕಳಾಗಲಿಲ್ಲ. ನಮ್ಮೊಂದಿಗೆ ಕನ್ನಡ ಆಡುತ್ತಾಳೆ, ಹಸುವಿನೊಂದಿಗೆ ತೆಲುಗು. ನಮ್ಮೊಂದಿಗೆ ಆಡುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ನಾಲ್ಕು ಮಾತು. ಹಸುವಿನೊಂದಿಗೆ ಶುರುಮಾಡಿದರೆ ಮುಗಿಯುವುದೇ ಇಲ್ಲ. ಇಷ್ಟು ವರ್ಷದಲ್ಲಿ ಅವಳು ನನ್ನೊಂದಿಗೆ ಕೂತು ಒಂದು ಲೋಟ ಚಹಾ ಕುಡಿದ ನೆನಪು ನನಗಿಲ್ಲ. ಕಲ್ಲಿನಂಥ ಹೆಂಗಸು ಅಂತ ನಾನು, ಬಾಯಿಬಡುಕಿ ಅತ್ತಿಗೆ ಅಂತ ಅವಳು, ಹಾಗೇ ನಡೆದುಕೊಂಡು ಬಂದಿತ್ತು.

ಕರು ಸತ್ತರೆ ಎಲ್ಲ ಕಡೆ ಮಾಡುವುದು ಒಂದಿದೆ. ಅದರ ತೊಗಲು ಸುಲಿದು, ಒಣಹುಲ್ಲು ತುಂಬಿ ಹೊಲಿದು ಹಸುವಿನ ಮುಂದೆ ನಿಲ್ಲಿಸುತ್ತಾರೆ. ಹಸು ಅದನ್ನು ಮೂಸಿ, ನೆಕ್ಕಿ, ತನ್ನದೇ ಅಂದುಕೊಂಡು ಸೊರೆ ಬಿಡುತ್ತದೆ. ಆದರೆ ನಮ್ಮ ಪೈಕಿಯಲ್ಲಿ ಮನೆಯಲ್ಲಿ ಸತ್ತ ದನವನ್ನು ಸುಲಿಯುವಂತಿಲ್ಲ. ಅರಿಶಿನ ಕುಂಕುಮ ಇಟ್ಟು, ಮೈಮೇಲೊಂದು ಬಟ್ಟೆ ಹೊದಿಸಿ, ಮನುಷ್ಯರನ್ನು ಹೂತಂತೆ ಹೂಳುತ್ತೇವೆ. ನಮ್ಮ ದೇವರಿಗೆ ದನವೇ ಒಡವೆ. ತಮ್ಮ ಹಾಗೇ ಮಾಡಿದ್ದ. ಮಾಡಿದ ಮೇಲೆ ಹಸು ಕೂಗಲು ಶುರುಮಾಡಿದಾಗ ಅವನಿಗೆ ನನ್ನ ನೆನಪಾಗಿದೆ. ತೊಗಲಿಲ್ಲದ ಕರು ಬೇಕು, ಅಂಥದ್ದನ್ನು ಮಾಡಬಲ್ಲವಳು ಈ ಸೀಮೆಯಲ್ಲಿ ಒಬ್ಬಳಿದ್ದಾಳೆ ಅಂತ.

"ದನ ಏನ್ ಹುಚ್ಚೇನೋ, ನನ್ ಉಣ್ಣೆ ಗೊಂಬೆ ನೋಡಿ ಹಾಲು ಕೊಡಾಕೆ?" ಅಂದೆ.

"ಮಾಡಕ್ಕ. ಆಗ್ಲಿಲ್ಲ ಅಂದ್ರೆ ಬಿಡು. ಏನೂ ಮಾಡ್ಲಿಲ್ಲ ಅಂತ ಅವ್ಳು ನನ್ನ ಮುಖ ನೋಡ್ತಾಳಲ್ಲ, ಅದು ತಡೆಯಾಕಾಗಲ್ಲ."

ಗಾಣದ ಮಿಲ್ಲಿನ ಪಾಳಿ ಮುಗಿಸಿ ಬಂದ ನನ್ನ ಗಂಡ ಇಷ್ಟನ್ನೂ ಕೇಳಿಸಿಕೊಂಡು, "ಹೋಗಲಿ ಮಾಡು, ದನಕ್ಕಾದ್ರೂ ನಿನ್ ಕೆಲಸ ಬೇಕಾತು," ಅಂದರು. ಹೊಗಳಿದರೋ ಚುಚ್ಚಿದರೋ ಕೇಳುವಷ್ಟು ಶಕ್ತಿ ನನಗಿರಲಿಲ್ಲ. ಸಿಂಹವನ್ನು ಅತ್ತ ಸರಿಸಿದೆ.

ಹೊಸ ಅಚ್ಚು ಮಾಡಲು ಪುರುಸೊತ್ತಿರಲಿಲ್ಲ. ಮುಖವಾಡದ ಕುರಿ ಅಚ್ಚು ಒಂದಿತ್ತು. ಅದಕ್ಕೆ ಮಣ್ಣು ಮೆತ್ತಿ ಮೂತಿ ಉದ್ದ ಮಾಡಿ, ಹಣೆ ಅಗಲ ಮಾಡಿ ಕರುವಿಗೆ ತಂದೆ. ಮೈಗೆ ಜಾಲಿ ಕಡ್ಡಿಯ ಹಂದರ ಕಟ್ಟಿ ರಾಗಿಹುಲ್ಲು ಸುತ್ತಿದೆ. ಉಣ್ಣೆಯ ರಾಶಿಯಲ್ಲಿ ಕರಿಯದನ್ನೆಲ್ಲ ತೆಗೆದು ಕಂದು ಬಣ್ಣದ್ದನ್ನು ಆರಿಸುವುದರಲ್ಲೇ ಕಣ್ಣು ಸೋತಿತು. ಕರು ಹೇಗಿತ್ತೆಂದು ತಮ್ಮನನ್ನು ಕೇಳಿದರೆ, ಕರ ಕರದಂಗೆ ಇತ್ತು ಅಂದ. ಗಂಡಸರನ್ನು ಕೇಳಿ ಏನು ಬಂತು ಎಂದು ಅವಳಿಗೇ ಫೋನು ಮಾಡಿದೆ. "ಹಣೆ ಮ್ಯಾಗೆ ಬಿಳೀ ಬೊಟ್ಟು ಐತೆ ಅತ್ಗೆ. ಎಡಗಿವಿ ವಸಿ ಜೋತು ಬೀಳ್ತೈತೆ. ಮೂಗಿನ ತುದಿ ಕರ್ರಗೈತೆ," ಅಂದಳು. ಸತ್ತದ್ದರ ಬಗ್ಗೆ ಹೇಳುತ್ತಿದ್ದಾಳೆ ಅಂತ ಅನ್ನಿಸಲೇ ಇಲ್ಲ. ಹಟ್ಟಿಯಲ್ಲಿ ಕಟ್ಟಿಹಾಕಿದ್ದನ್ನು ನೋಡುತ್ತ ನಿಂತು ಹೇಳಿದಂತಿತ್ತು.

ಅಂಟಿಗೆ ಬೇವಿನ ರಸ ಹಿಂಡಲಿಲ್ಲ. ಹಸು ನೆಕ್ಕಬೇಕಾದ ಕರು, ಕಹಿಯಾದರೆ ಹೇಗೆ ಅಂತ ಯೋಚಿಸಿದೆ. ಬಲು ಬುದ್ಧಿವಂತಿಕೆಯ ಯೋಚನೆ ಅದು, ಅದರ ಫಲ ಮುಂದೆ ಹೇಳುತ್ತೇನೆ.

ಸರಿಯಾಗಿ ಒಣಗುವ ಮೊದಲೇ ಕರುವನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ನಾಲ್ಕು ಕಾಲೂ ಹೊರಗೆ ಚಾಚಿಕೊಂಡಿದ್ದವು. ಕಂಡಕ್ಟರು ಬಂದು, ಇದು ಲಗೇಜೋ ಪ್ಯಾಸೆಂಜರೋ ಅಂತ ನಿಂತ. ನಾನು ಆಧಾರ್ ಕಾರ್ಡು ತೋರಿಸಿದೆ.

"ನಿಂದು ಫ್ರೀ ಸರಿ. ಇದು ಹೆಣ್ಣೋ ಗಂಡೋ?" ಅಂದ.

"ಹೆಣ್ಣುಗರ ಕಣಪ್ಪ."

"ಹಂಗಾದ್ರೆ ಇದಕ್ಕೂ ಟಿಕೆಟ್ಟಿಲ್ಲ ಬಿಡು!"

ಬಸ್ಸಿಗೆ ಬಸ್ಸೇ ನಕ್ಕಿತು. ಪಕ್ಕದಲ್ಲಿ ಕೂತಿದ್ದ ಮುದುಕಿ ಮಾತ್ರ ಸೀರೆಯ ಅಂಚು ಸರಿಸಿ ಕರುವಿನ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನನಗೆ ಸ್ವಲ್ಪ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಮೊಳಕಾಲ್ಮೂರಿನ ಹತ್ತಿರದ ಹಾನಗಲ್ಲಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೋಗುವಷ್ಟರಲ್ಲಿ ಆ ಹೆಮ್ಮೆ ಇಳಿದು ಸೊಂಟನೋವು ಉಳಿದಿತ್ತು. ಊರ ಪಕ್ಕದ ಬ್ರಹ್ಮಗಿರಿಯ ಬಂಡೆಗಳು ಬಿಸಿಲಿಗೆ ಕಾದು ನಿಂತಿದ್ದವು. ಶಾಸನದ ಕಲ್ಲಿಗೆ ಸರ್ಕಾರ ಮನೆ ಕಟ್ಟಿ ಬೀಗ ಹಾಕಿದೆ. ಅದರ ನೆರಳಿನಲ್ಲಿ ತಮ್ಮನ ಕುರಿಗಳು ಮಲಗಿದ್ದವು.

ತಮ್ಮನ ಹೆಂಡತಿ ಬಾಗಿಲಲ್ಲೇ ಇದ್ದಳು. ಬಂದೆಯಾ ಅಂತ ಕೇಳಲಿಲ್ಲ, ನೀರು ಕೊಡಲಿಲ್ಲ. ಸೀರೆ ಬಿಚ್ಚಿ ಕರುವನ್ನು ಅಂಗಳದಲ್ಲಿ ನಿಲ್ಲಿಸಿದೆ. ಸುತ್ತಲೂ ಒಂದು ಸುತ್ತು ಬಂದು ನೋಡಿದಳು. ಆಮೇಲೆ ಕೂತು, ಎಡಗಿವಿಯನ್ನು ಎರಡು ಬೆರಳಲ್ಲಿ ಹಿಡಿದು ಇನ್ನೂ ಸ್ವಲ್ಪ ಕೆಳಕ್ಕೆ ಬಗ್ಗಿಸಿದಳು. ಅಷ್ಟೇ. ಎದ್ದು ಒಳಗೆ ಹೋದಳು. ಬೆರಳು ಸೀಳಿಸಿಕೊಂಡು, ನಿದ್ದೆಗೆಟ್ಟು ಮಾಡಿದ್ದಕ್ಕೆ ಒಂದು ಮಾತು ಬೇಡವೇ ಎಂದು ನನಗೆ ಪಿತ್ತ ನೆತ್ತಿಗೇರಿತು. ತಮ್ಮ ತಂದುಕೊಟ್ಟ ನೀರು ಕುಡಿದು ನುಂಗಿಕೊಂಡೆ.

ಸಂಜೆ ಹಾಲು ಕರೆಯುವ ಹೊತ್ತಿಗೆ ಕರುವನ್ನು ಹಸುವಿನ ಮುಂದೆ ನಿಲ್ಲಿಸಿದೆವು. ಹಸು ಕತ್ತು ಚಾಚಿ ಮೂಸಿತು. ಉಸ್ಸೆಂದು ಉಸಿರು ಬಿಟ್ಟು ಮುಖ ತಿರುಗಿಸಿತು. ಮತ್ತೆ ಮೂಸಿತು. ತಮ್ಮನ ಹೆಂಡತಿ ಪಾತ್ರೆ ಹಿಡಿದು ಕೂತಿದ್ದವಳು, "ರಾ ತಲ್ಲಿ, ರಾ," ಬಾ ತಾಯಿ ಬಾ, ಎಂದು ತೆಲುಗಿನಲ್ಲಿ ಬೇಡಿಕೊಳ್ಳುತ್ತಿದ್ದಳು. ಹಸು ಕಾಲೆತ್ತಿ ಒದೆಯಿತು.

"ಉಪ್ಪು ಸವರಿದ್ರೆ ನೆಕ್ತೈತೆ," ಅಂದ ತಮ್ಮ. ತೊಗಲಿನ ಕರುವಿಗೆ ಹಾಗೆ ಮಾಡುತ್ತಾರೆ, ನೆಕ್ಕುತ್ತ ನೆಕ್ಕುತ್ತ ಹಸುವಿಗೆ ಮರುಳು ಹಿಡಿಯಲಿ ಎಂದು. ನನಗೂ ಸರಿಯೆನಿಸಿತು. ಅವನು ಒಂದು ಹಿಡಿ ಉಪ್ಪನ್ನು ನೀರಿನಲ್ಲಿ ಕದಡಿ ಕರುವಿನ ಮುಖಕ್ಕೆಲ್ಲ ಬಳಿದ. ಹಸು ನೆಕ್ಕಲು ಶುರುಮಾಡಿತು. ನೋಡು, ನೋಡು ಅಂತ ತಮ್ಮ ನನ್ನ ತೋಳು ಹಿಡಿದ. ಹಸು ನೆಕ್ಕಿತು, ಇನ್ನೂ ಜೋರಾಗಿ ನೆಕ್ಕಿತು. ಅಷ್ಟು ಹೊತ್ತಿಗೆ ನನಗೆ ಹೊಳೆಯಿತು. ಹುಣಸೆಬೀಜದ ಅಂಟು ತೇವಕ್ಕೆ ಕರಗುತ್ತದೆ. ಅದು ಸರಿಯಾಗಿ ಒಣಗಿಯೂ ಇಲ್ಲ, ಕಹಿಯೂ ಇಲ್ಲ. ಉಪ್ಪು ಬೆರೆಸಿದ ಹುಣಸೆಬೀಜದ ಗಂಜಿ ಅಂದರೆ ದನಕ್ಕೆ ಹಬ್ಬದೂಟ. ಆ ಒರಟು ನಾಲಿಗೆಗೆ ಹಣೆಯ ಬಿಳಿ ಬೊಟ್ಟು ಮೊದಲು ಹೋಯಿತು, ಆಮೇಲೆ ಮೂಗು. ಅಂಟುವಾಳದ ಕಣ್ಣೊಂದು ಕಳಚಿ ಸಗಣಿಯಲ್ಲಿ ಬಿತ್ತು. ಎಡಗಿವಿಯನ್ನು ಹಸು ಕಿತ್ತು ಜಗಿಯಿತು.

ಪಾತ್ರೆ ಬಿದ್ದ ಸದ್ದಾಯಿತು. ತಮ್ಮನ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಮೇಕೆ ಹುಲಿ ತಿಂದಾಗ ನಗಲು ಒಂದು ಬೀದಿಯೇ ಇತ್ತು. ಇಲ್ಲಿ ನಾನೂ ತಮ್ಮನೂ ಒಬ್ಬರ ಮುಖ ಒಬ್ಬರು ನೋಡಲಾರದೆ ನಿಂತೆವು. ಕರು ಎರಡನೇ ಸಲ ಸತ್ತಿತ್ತು. ಈ ಸಲ ಅವಳ ಕಣ್ಣೆದುರಿಗೇ, ನನ್ನ ಕೈಯಿಂದ.

ಮಾರನೆಯ ದಿನ ತಮ್ಮ ದಲ್ಲಾಳಿಯ ಜೊತೆ ಫೋನಿನಲ್ಲಿ ಮಾತಾಡಿದ. ನಾಳೆ ಸಂತೆಯ ಹಿಂದಿನ ದಿನ, ಬೆಳಿಗ್ಗೆಯೇ ಬಂದು ಹೊಡೆದುಕೊಂಡು ಹೋಗುತ್ತೇನೆ ಅಂದನಂತೆ ಅವನು. ಅಂದರೆ ನಮಗಿದ್ದದ್ದು ಆ ಒಂದು ದಿನ. ವಾಪಸು ಹೋಗಿಬಿಡೋಣ ಅನ್ನಿಸಿತು. ನಾನು ಮುಖವಾಡ ಮಾಡುವವಳು, ಜೀವ ತುಂಬುವವಳಲ್ಲ. ಮೈ ಕೈ ನೋವಾಗಿ, ಮನಸ್ಸೂ ನೋವಾಗಿ, ಇನ್ನು ಯಾವ ಪ್ರಾಣಿಯ ಮುಖವೂ ಬೇಡವೆನ್ನಿಸಿತ್ತು. ಆದರೆ ಬೆಳಗಿನ ಬಸ್ಸು ತಪ್ಪಿತು. ಸುಮ್ಮನೆ ಕೂರಲಾರದೆ, ರಿಪೇರಿಗೆಂದು ಡಬ್ಬದಲ್ಲಿ ತಂದಿದ್ದ ಅಂಟು ತೆಗೆದು ಆ ಹಾಳಾದ ಮುಖವನ್ನು ಮತ್ತೆ ಮೆತ್ತಿ, ಎಡಗಿವಿಯನ್ನು ಹೊಸದಾಗಿ ಅಂಟಿಸಲು ಕೂತೆ.

ಎದುರಿಗೆ ತಮ್ಮನ ಹಟ್ಟಿಯಲ್ಲಿ ಕುರಿಮರಿಗಳನ್ನು ತಾಯಂದಿರ ಹತ್ತಿರ ಬಿಟ್ಟಿದ್ದರು. ಒಂದೊಂದು ಮರಿಯೂ ಕೆಚ್ಚಲಿಗೆ ತಲೆಯಿಂದ ಗುದ್ದುತ್ತಿತ್ತು. ಗುದ್ದಿದ ಗುದ್ದಿಗೆ ತಾಯಿಯ ಹಿಂಗಾಲು ನೆಲ ಬಿಡುತ್ತಿದ್ದವು. ಬಾಲ ಅಲ್ಲಾಡುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ್ದೇ ಅದು. ನನ್ನ ಕರು ನಾಲ್ಕು ಕಾಲ ಮೇಲೆ ಗೂಟದಂತೆ ನಿಂತಿತ್ತು. ಗುದ್ದದ ಕರು ಯಾವ ಹಸುವಿಗೆ ಬೇಕು? ಕುಡುಗೋಲು ತಂದು ಕರುವಿನ ಕತ್ತನ್ನು ಮೈಯಿಂದ ಬೇರೆ ಮಾಡಿದೆ. ಮುಖವಾಡದ ಅಚ್ಚಿನಲ್ಲಿ ಮಾಡಿದ ತಲೆ, ಒಳಗೆ ಪೊಳ್ಳು. ಅಂಚು ಕತ್ತರಿಸಿ, ಕಣ್ಣಿಗೆ ತೂತು ಕೊರೆದರೆ ಮನುಷ್ಯರ ತಲೆಗೆ ಸರಿಯಾಗಿ ಕೂರುತ್ತದೆ.

"ನೀನು ಕರ ಆಗು," ಅಂದೆ ತಮ್ಮನಿಗೆ.

ಆ ಸಂಜೆ ಆದ. ಮುಖ ತೊಟ್ಟು, ಗೋಣಿ ಹೊದ್ದು, ಕೈಕಾಲ ಮೇಲೆ ಅಂಬೆಗಾಲಿಟ್ಟು ಹೋಗಿ ಹಸುವಿನ ತೊಡೆಗೆ ಗುದ್ದಿದ. ಹಸು ಅವನನ್ನು ಒಂದು ಸಲ ಮೂಸಿ, ಬೀಡಿಯ ವಾಸನೆಗೋ ಏನೋ, ಒದ್ದ ಒದೆತಕ್ಕೆ ಅವನು ಮೇವಿನ ಗೊಂತಿನ ಒಳಗೆ ಬಿದ್ದ. "ಲೇ, ಇದು ಹಸ ಅಲ್ಲಲೇ, ಪೊಲೀಸು!" ಅಂತ ತೊಡೆ ಹಿಡಿದುಕೊಂಡು ಕುಂಟಿದ. ಅವತ್ತು ಅಷ್ಟಕ್ಕೇ ಮುಗಿಯಿತು. ತಮ್ಮನ ಹೆಂಡತಿ ಹಸುವಿನ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ತುರಿಸುತ್ತ ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಕಳಿಸುವ ಮಾತು ಅದು, ದೂರದಿಂದಲೇ ತಿಳಿಯುತ್ತಿತ್ತು.

ದಲ್ಲಾಳಿ ಬರುವ ದಿನ ಬೆಳಕು ಹರಿಯಿತು. ನಾನು ಹೊರಡಲು ಸೀರೆ ಮಡಚಿಕೊಳ್ಳುತ್ತಿದ್ದೆ. ಅವಳು ಏಣಿ ಇಟ್ಟು ಅಟ್ಟ ಹತ್ತಿದ್ದು ಕಂಡಿತು. ಇಳಿಯುವಾಗ ಕಂಕುಳಲ್ಲಿ ಒಂದು ಕಂಬಳಿ ಇತ್ತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಾಯಿ ಬಿಗಿಯಾಗಿ ಕಟ್ಟಿದ್ದಳು. ಬಿಚ್ಚಿದರೆ ಗಂಜಳ, ಹಸಿ ಹಾಲು, ಆಗಷ್ಟೇ ಹುಟ್ಟಿದ ಕರುವಿನ ಮೈಯ ಲೋಳೆ, ಎಲ್ಲ ಸೇರಿದ ವಾಸನೆ ಗಪ್ಪೆಂದು ಬಡಿಯಿತು.

ತಮ್ಮ ಬೆಪ್ಪಾಗಿ ನೋಡಿದ. "ಇದು ಕರದ ಮ್ಯಾಲೆ ಹೊದಿಸಿದ್ದಲ್ಲೇನೇ? ಅದ್ರ ಜತಿಗೇ ಹೂತ್ವಿ ಅನ್ಕಂಡಿದ್ದೆ!"

"ಹೂಳೋ ಮುಂಚೆ ತಗದೆ. ನನ್ ಹಳೇ ಸೀರೆ ಹೊದಿಸ್ದೆ," ಅಂದಳು. ಅವನ ಕಡೆ ನೋಡದೆ ನನಗೆ ಹೇಳಿದಳು. "ನಾಕ್ ದಿನ ಇದರಾಗೇ ಮಲ್ಗಿಸ್ಕೊಂಡಿದ್ದೆ ಅತ್ಗೆ, ನನ್ ಮಗ್ಗಲಾಗೆ. ವಾಸನೆ ಇರ್ಲಿ ಅಂತ ಒಗೀಲಿಲ್ಲ. ಯಾರಿಗೂ ತೋರಿಸ್ಬಾರ್ದು ಅನ್ಕಂಡಿದ್ದೆ."

ದಿನಕ್ಕೊಮ್ಮೆಯಾದರೂ ಅಟ್ಟ ಹತ್ತಿ ಅವಳು ಆ ಚೀಲ ಬಿಚ್ಚಿ ಮೂಸುತ್ತಿದ್ದಳೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಗಂಟಿನ ಹಗ್ಗ ಸವೆದು ಎಳೆ ಬಿಟ್ಟಿತ್ತು. ಹಸುವಿಗೆ ಕೊಟ್ಟರೆ ಆ ವಾಸನೆ ಇನ್ನು ಉಳಿಯುವುದಿಲ್ಲ. ಸಗಣಿ, ಗಂಜಳ, ನಮ್ಮ ಬೆವರು ಎಲ್ಲ ಸೇರಿ ಅಳಿಸಿಹೋಗುತ್ತದೆ. ಅದು ಗೊತ್ತಿದ್ದೇ ಇಳಿಸಿ ತಂದಿದ್ದಳು. ಕಲ್ಲಿನಂಥ ಹೆಂಗಸು ಅಂತ ಅಂದುಕೊಂಡಿದ್ದವಳು ನಾನು, ಮಡಚುತ್ತಿದ್ದ ಸೀರೆಯನ್ನು ಕೆಳಗಿಟ್ಟೆ.

ತಮ್ಮ ಕುಂಟುತ್ತಿದ್ದ. ಹಾಲು ಕರೆಯಬೇಕಾದವಳು ಅವಳು. ಇನ್ನು ಉಳಿದವಳು ನಾನು. ಕೂತರೆ ಏಳಲಾರದ ಹೆಂಗಸು, ಉಣ್ಣೆಯ ಮುಖ ತೊಟ್ಟು, ಕಂಬಳಿ ಹೊದ್ದು, ಕೊಟ್ಟಿಗೆಯ ಚಪ್ಪಡಿಯ ಮೇಲೆ ಮಂಡಿಯೂರಿದೆ. ಒಳಗಿನಿಂದ ನೋಡಿದರೆ ನಾನು ಮಾಡಿದ ಮುಖಕ್ಕೆ ಬೆಳಕೇ ಇಲ್ಲ. ಕಣ್ಣಿನ ಜಾಗದಲ್ಲಿ ಎರಡು ತೂತು, ಅದರಲ್ಲಿ ಹಸುವಿನ ಕಾಲಷ್ಟೇ ಕಾಣುತ್ತಿತ್ತು. ಉಸಿರಾಡಿದರೆ ಹುಣಸೆಬೀಜ. ಮಕ್ಕಳು ಇದನ್ನು ತೊಟ್ಟು ಹೇಗೆ ಕುಣಿಯುತ್ತವೋ ಎನ್ನಿಸಿತು. ಒದ್ದರೆ ಎಲ್ಲಿಗೆ ಬೀಳಬಹುದೆಂದು ಅಂದಾಜು ಮಾಡಿಕೊಂಡು, ಕಣ್ಣು ಮುಚ್ಚಿ ತಲೆಯಿಂದ ಗುದ್ದಿದೆ.

ಹಸು ಒದೆಯಲಿಲ್ಲ. ಕತ್ತು ತಿರುಗಿಸಿ ನನ್ನ ಬೆನ್ನ ಮೇಲೆ ಮೂಗಿಟ್ಟಿತು. ಕಂಬಳಿಯ ಉದ್ದಕ್ಕೂ ಮೂಸುತ್ತ ಹೋಯಿತು. ಅದರ ಉಸಿರು ಬಿಸಿಯಾಗಿ ಬೆನ್ನಿಗೆ ತಾಗುತ್ತಿತ್ತು. ಹೊಟ್ಟೆಯ ಆಳದಿಂದ ಒಂದು ಸಣ್ಣ ಸದ್ದು ಹೊರಟಿತು. ಕೂಗಲ್ಲ, ಕರುವನ್ನು ಮಾತ್ರ ಕರೆಯುವ ಹೂಂಕಾರ. ಮತ್ತೆ ಗುದ್ದಿದೆ. ಮತ್ತೆ. ಮಂಡಿಯ ಚಿಪ್ಪು ಕಲ್ಲಿಗೆ ಉಜ್ಜಿ ಉರಿಯುತ್ತಿತ್ತು, ಕತ್ತು ಬಿಗಿದಿತ್ತು. ಹಸು ನೆಕ್ಕಲು ಶುರುಮಾಡಿತು. ಈ ಸಲ ಉಪ್ಪಿರಲಿಲ್ಲ.

ಆಮೇಲೆ ಪಾತ್ರೆಯ ತಳಕ್ಕೆ ಹಾಲಿನ ಎಳೆ ಬಡಿಯುವ ಸದ್ದು ಕೇಳಿತು. ಮೊದಲು ತೆಳ್ಳಗೆ, ಆಮೇಲೆ ಎರಡೂ ಕೈಯಿಂದ ಒಂದೇ ಸಮ.

"ಬಿಡ್ತು," ಅಂದ ತಮ್ಮ. "ಸೊರೆ ಬಿಡ್ತು ಕಣಕ್ಕ!"

"ಹೋಗಿ ಅವ್ನಿಗೆ ಹೇಳ್ರಿ, ಹಸ ಇಲ್ಲ ಅಂತ," ಅಂದಳು ಅವಳು ಕರೆಯುವುದನ್ನು ನಿಲ್ಲಿಸದೆ. ರಸ್ತೆಯಲ್ಲಿ ದಲ್ಲಾಳಿಯ ಗಾಡಿಯ ಹಾರನ್ನು ಆಗಲೇ ಕೇಳಿಸುತ್ತಿತ್ತು. ತಮ್ಮ ಕುಂಟುತ್ತಲೇ ಓಡಿದ.

ಕೆಚ್ಚಲು ಬರಿದಾಗುವವರೆಗೆ ಗುದ್ದುತ್ತಿದ್ದೆ. ಪಾತ್ರೆಯನ್ನು ಅವಳು ಪಕ್ಕಕ್ಕೆ ಸರಿಸಿಟ್ಟದ್ದು ಕೇಳಿತು. ಇನ್ನು ಏಳಬಹುದು ಅಂದುಕೊಂಡು ಕೈ ಊರಿದೆ. ಅಷ್ಟರಲ್ಲಿ ಅವಳ ಕೈ ನನ್ನ ತಲೆಯ ಮೇಲೆ ಬಂತು. ಉಣ್ಣೆಯ ಹಣೆಯನ್ನು ಸವರಿತು. ಜೋತುಬಿದ್ದ ಎಡಗಿವಿಯನ್ನು ಹುಡುಕಿ ಹಿಡಿದುಕೊಂಡಿತು. ಬೆರಳಿನಲ್ಲಿ ಹಾಲಿನ ಪಸೆ ಇತ್ತು, ಅಂಟು ಕರಗುತ್ತಿರುವುದು ನನಗೆ ತಿಳಿಯುತ್ತಿತ್ತು. "ಪೋಯಿನಾವಾ ತಲ್ಲಿ," ಅಂದಳು. ಹೋಗಿಬಿಟ್ಟೆಯಾ ತಾಯಿ, ಅಂತ. ಆಮೇಲೆ ಹಸುವಿನೊಂದಿಗೆ ಆಡುವಂತೆ, ನಿಲ್ಲದೆ, ಕರುವಿನೊಂದಿಗೆ ಮಾತಾಡತೊಡಗಿದಳು. ಚಳಿ ಆಯಿತಾ, ಹೊಟ್ಟೆಗೆ ಸಾಲಲಿಲ್ಲವಾ, ನಾನು ಮಗ್ಗಲಲ್ಲೇ ಇದ್ದೆನಲ್ಲ ಯಾಕೆ ಹೇಳಲಿಲ್ಲ ಅಂತ ಅಳುತ್ತ ಕೇಳುತ್ತಿದ್ದಳು. ಕರು ಸತ್ತ ದಿನ ಅವಳು ಅತ್ತಿರಲಿಲ್ಲವೆಂದು ತಮ್ಮ ಆಮೇಲೆ ಹೇಳಿದ.

ಮಂಡಿ ಸಿಡಿದುಹೋಗುವಂತೆ ನೋಯುತ್ತಿತ್ತು. ನನಗೂ ಅಳು ಬಂದಿತ್ತು, ಮೂಗು ಒರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ. ಮಾತಾಡಿದರೆ ಅವಳು ಕೈ ತೆಗೆದುಬಿಡುತ್ತಾಳೆ. ಅವಳ ಮಾತು ಮುಗಿಯುವವರೆಗೆ ನಾನು ಆ ಕಲ್ಲಿನ ಮೇಲೆ, ತಲೆ ತಗ್ಗಿಸಿಕೊಂಡು, ಕರುವಾಗಿಯೇ ಇದ್ದೆ.